ತವರಿನ ಗೋಲಿಗೆ ಬೆಲೆ ಕಡಿಮೆಯೇ?

2023ರ ಮಾರ್ಚ್ 12ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್ ಸೆಮಿಫೈನಲ್‌ನ ಎರಡನೇ ಲೆಗ್‌ನ (ಒಮ್ಮೆ ಒಬ್ಬರ ಊರಿನಲ್ಲಿ, ಒಮ್ಮೆ ಇನ್ನೊಬ್ಬರ ಊರಿನಲ್ಲಿ ಆಡುವ ಎರಡು ಪಂದ್ಯಗಳಲ್ಲಿ ಒಂದೊಂದೂ ಒಂದು ಲೆಗ್) ತೊಂಬತ್ತು ನಿಮಿಷ ಮುಗಿದಾಗ, ತವರಿನ ತಂಡವಾದ ಬೆಂಗಳೂರು ಎಫ್‌ಸಿ ಮುಂಬೈ ಸಿಟಿ ಎದುರು 1–2ರಿಂದ ಹಿಂದಿತ್ತು. ಐದು ದಿನಗಳ ಹಿಂದೆ ಮುಂಬೈಯಲ್ಲಿ ನಡೆದ ಮೊದಲ ಲೆಗ್ಅನ್ನು ಅದೇ ಬೆಂಗಳೂರು ತಂಡ ಸುನಿಲ್ ಚೆಟ್ರಿ ಗಳಿಸಿದ ಒಂದೇ ಗೋಲಿನಿಂದ ಗೆದ್ದುಕೊಂಡು ಬಂದಿತ್ತು. ಎರಡೂ ಪಂದ್ಯಗಳನ್ನು ಕೂಡಿಸಿದರೆ ಲೆಕ್ಕ 2–2. ಹೆಚ್ಚುವರಿ ಅವಧಿಯ ಮೂವತ್ತು ನಿಮಿಷಗಳಲ್ಲೂ ಚೆಂಡು ಬಲೆ ಸೇರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಒಬ್ಬರ ಹಿಂದೊಬ್ಬರು ಗೋಲು ಹೊಡೆಯುತ್ತಲೇ ಹೋದರು. ಕೊನೆಗೆ ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಮುಂಬೈನ ಮೆಹ್ತಾಬ್ ಸಿಂಗ್ ಅವರ ಒದೆತವನ್ನು ತಡೆದರು, ಸಂದೇಶ್ ಜಿಂಗಾನ್ ತಮ್ಮದನ್ನು ಗುರಿ ಮುಟ್ಟಿಸಿದರು, 9–8ರಿಂದ ಬೆಂಗಳೂರು ಫೈನಲ್‌ಗೆ ಹೋಯಿತು.

ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಗಳಿಸಿದವರೇ ಮುಂದಕ್ಕೆ ಎಂಬ ಯುರೋಪಿನ ಹಳೆಯ ‘ಅವೇ ಗೋಲು’ (away goal) ನಿಯಮ ಆ ರಾತ್ರಿ ಜಾರಿಯಲ್ಲಿ ಇದ್ದಿದ್ದರೆ ಇಷ್ಟೆಲ್ಲ ನಡೆಯುತ್ತಲೇ ಇರಲಿಲ್ಲ. ಮುಂಬೈ ತಂಡ ಎದುರಾಳಿಯ ಅಂಗಳದಲ್ಲಿ ಎರಡು ಗೋಲು ಗಳಿಸಿತ್ತು, ಬೆಂಗಳೂರು ಒಂದನ್ನು ಮಾತ್ರ. ತೊಂಬತ್ತನೇ ನಿಮಿಷದ ಸೀಟಿಯೊಂದಿಗೆ ಮುಂಬೈ ಮುಂದಿನ ಸುತ್ತಿಗೆ ಹೋಗುತ್ತಿತ್ತು, ಕಂಠೀರವದ ಪ್ರೇಕ್ಷಕರು ತಲೆ ತಗ್ಗಿಸಿ ಮನೆಗೆ ಹೊರಡುತ್ತಿದ್ದರು. ಎರಡೂ ತಂಡಗಳು ತಲಾ ಒಂದು ಪಂದ್ಯ ಗೆದ್ದು, ತಲಾ ಎರಡು ಗೋಲು ಗಳಿಸಿದ್ದಾಗ ಒಂದನ್ನು ಹೊರಗೆ ಕಳುಹಿಸಲು ಆ ಗೋಲುಗಳು ಬಿದ್ದ ಊರು ಸಾಕಷ್ಟು ಕಾರಣವೇ ಎಂಬುದು ಈ ಲೇಖನದ ಪ್ರಶ್ನೆ. ಸಾಕಾಗುವುದಿಲ್ಲ ಎಂಬುದು ನನ್ನ ನಿಲುವು. ಅದಕ್ಕೆ ನಾನು ಕೊಡುವ ಕಾರಣ ಮಾತ್ರ ಸಾಮಾನ್ಯವಾಗಿ ಹೇಳಲಾಗುವ ಕಾರಣವಲ್ಲ.

ಮೊದಲು ನಿಯಮ ಏನೆಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲು, ಅಂದರೆ ಅವೇ ಗೋಲು, ಎರಡು ಗೋಲಿಗೆ ಸಮ ಎಂಬ ಮಾತು ಫುಟ್‌ಬಾಲ್ ನೋಡುವವರ ನಡುವೆ ರೂಢಿಯಲ್ಲಿದೆ. ಅದು ಸರಿಯಲ್ಲ. ಒಂದು ಗೋಲು ಒಂದೇ ಗೋಲು. ಎರಡೂ ಲೆಗ್‌ಗಳ ಒಟ್ಟು ಗೋಲುಗಳು ಸಮವಾದಾಗ ಮಾತ್ರ ಯಾರು ಹೊರಗಿನ ಅಂಗಳದಲ್ಲಿ ಹೆಚ್ಚು ಗೋಲು ಗಳಿಸಿದ್ದಾರೆ ಎಂದು ನೋಡಲಾಗುತ್ತದೆ. ಗಂಟು ಬಿಡಿಸಲೆಂದು ಇಟ್ಟುಕೊಂಡ ಒಂದು ಉಪಾಯ ಅದು. ಹುಟ್ಟಿದ್ದು ನ್ಯಾಯದ ಯಾವುದೋ ತತ್ವದಿಂದಲ್ಲ, ಆಡಳಿತದ ಅನುಕೂಲಕ್ಕಾಗಿ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅದರ ಮುಂದಿನ ಚರಿತ್ರೆ ಅರ್ಥವಾಗುತ್ತದೆ.

1960ರ ದಶಕದ ಮೊದಲ ಭಾಗದವರೆಗೆ ಯುರೋಪಿನ ಕ್ಲಬ್ ಟೂರ್ನಿಗಳಲ್ಲಿ ಎರಡು ಲೆಗ್‌ಗಳು ಸಮವಾದರೆ ಮೂರನೇ ಊರೊಂದರಲ್ಲಿ ಮೂರನೇ ಪಂದ್ಯ ಆಡಿಸುತ್ತಿದ್ದರು. ಅದೂ ಸಮವಾದರೆ ನಾಣ್ಯ ಚಿಮ್ಮುವುದೇ ದಾರಿ. 1965ರ ಮಾರ್ಚ್‌ನಲ್ಲಿ ಯುರೋಪಿಯನ್ ಕಪ್‌ನ (ಇಂದಿನ ಚಾಂಪಿಯನ್ಸ್ ಲೀಗ್) ಕ್ವಾರ್ಟರ್‌ಫೈನಲ್‌ನಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ತಂಡಗಳು ತಮ್ಮ ತಮ್ಮ ಊರಿನಲ್ಲಿ ಗೋಲಿಲ್ಲದೆ ಡ್ರಾ ಮಾಡಿಕೊಂಡು, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಮೂರನೇ ಬಾರಿ ಸೇರಿದವು. ಅಲ್ಲಿಯೂ 2–2. ಮೂರು ಪಂದ್ಯ, ಐದು ಗಂಟೆಗಳ ಆಟ, ನಿರ್ಣಯವಿಲ್ಲ. ರೆಫರಿ ಎರಡು ಬಣ್ಣದ ಬಿಲ್ಲೆಯನ್ನು ಮೇಲಕ್ಕೆ ಚಿಮ್ಮಿದರು. ಆಟದಿಂದ ಕೆಸರಾಗಿದ್ದ ನೆಲದಲ್ಲಿ ಬಿದ್ದ ಬಿಲ್ಲೆ ಯಾವ ಕಡೆಗೂ ಮಲಗದೆ ಅಂಚಿನ ಮೇಲೆ ನೆಟ್ಟಗೆ ನಿಂತುಬಿಟ್ಟಿತು. ಅದನ್ನು ಕಿತ್ತು ಮತ್ತೊಮ್ಮೆ ಚಿಮ್ಮಿದಾಗ ಲಿವರ್‌ಪೂಲ್‌ನ ಬಣ್ಣ ಮೇಲೆ ಬಂತು. ಒಂದು ಋತುವಿನ ಶ್ರಮವೆಲ್ಲ ಹೀಗೆ ಮಣ್ಣಿನ ಹದದ ಮೇಲೆ ತೀರ್ಮಾನವಾಗುವುದನ್ನು ಕಂಡವರು ಬೇರೆ ದಾರಿ ಹುಡುಕಿದ್ದರಲ್ಲಿ ಆಶ್ಚರ್ಯವಿಲ್ಲ.

ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ, ಆಯಾ ದೇಶದ ಕಪ್ ಗೆದ್ದ ತಂಡಗಳ ಟೂರ್ನಿಯಾದ ಕಪ್ ವಿನ್ನರ್ಸ್ ಕಪ್‌ನಲ್ಲಿ 1965–66ರಲ್ಲಿ ಅವೇ ಗೋಲಿನ ನಿಯಮವನ್ನು ಮೊದಲ ಬಾರಿಗೆ ತಂದಿತು. ಬುಡಾಪೆಸ್ಟ್‌ನ ಹೊನ್‌ವೇಡ್ ತಂಡ ಪ್ರಾಗ್‌ನಲ್ಲಿ ಡುಕ್ಲಾ ತಂಡವನ್ನು 3–2ರಿಂದ ಸೋಲಿಸಿ, ತವರಿನಲ್ಲಿ 1–2ರಿಂದ ಸೋತು, ಹೊರಗೆ ಗಳಿಸಿದ ಮೂರು ಗೋಲುಗಳ ಬಲದಿಂದ ಮುಂದಿನ ಸುತ್ತಿಗೆ ಹೋಯಿತು. ಹೊಸ ನಿಯಮ ಎಲ್ಲರ ತಲೆಗೆ ಇಳಿಯಲು ಮಾತ್ರ ಸಮಯ ಹಿಡಿಯಿತು. 1971ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ತಂಡ ಲಿಸ್ಬನ್‌ನಲ್ಲಿ ಸ್ಪೋರ್ಟಿಂಗ್ ವಿರುದ್ಧ ಹೆಚ್ಚುವರಿ ಅವಧಿಯ ನಂತರ 3–4ರಿಂದ ಸೋತಾಗ ಒಟ್ಟು ಲೆಕ್ಕ 6–6 ಆಗಿತ್ತು. ರೇಂಜರ್ಸ್ ಹೊರಗೆ ಮೂರು, ಸ್ಪೋರ್ಟಿಂಗ್ ಹೊರಗೆ ಎರಡು ಗಳಿಸಿದ್ದವು. ರೆಫರಿ ಇದನ್ನು ಗಮನಿಸದೆ ಪೆನಾಲ್ಟಿ ಹೊಡೆಸಿಬಿಟ್ಟರು. ಸ್ಪೋರ್ಟಿಂಗ್ ಗೆದ್ದು ಸಂಭ್ರಮಿಸಿತು. ಆಮೇಲೆ ನಿಯಮ ಪುಸ್ತಕ ತೆರೆದು ನೋಡಿ ಫಲಿತಾಂಶವನ್ನು ತಿರುಗಿಸಲಾಯಿತು, ರೇಂಜರ್ಸ್ ಆ ಋತುವಿನ ಕಪ್ ವಿನ್ನರ್ಸ್ ಕಪ್ಪನ್ನೇ ಗೆದ್ದಿತು.

ಆ ಹೊತ್ತಿಗಾಗಲೇ ನಿಯಮದ ಮೂಲ ಅಗತ್ಯ ತೀರಿಹೋಗಿತ್ತು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. 1970ರಲ್ಲಿ ಪೆನಾಲ್ಟಿ ಶೂಟೌಟ್‌ಗೆ ಅಧಿಕೃತ ಮಾನ್ಯತೆ ಸಿಕ್ಕಿತು. ಮೂರನೇ ಪಂದ್ಯವೂ ಬೇಡ, ನಾಣ್ಯವೂ ಬೇಡ; ಸಮಬಲವನ್ನು ಅದೇ ಮೈದಾನದಲ್ಲಿ, ಅದೇ ರಾತ್ರಿ, ಆಟಗಾರರ ಕಾಲಿನಿಂದಲೇ ಮುರಿಯಬಹುದಾಗಿತ್ತು. ಆದರೂ ಅವೇ ಗೋಲಿನ ನಿಯಮ ಇನ್ನೂ ಐದು ದಶಕ ಉಳಿಯಿತು. ಉಳಿಯಲು ಅದಕ್ಕೆ ಎರಡನೇ ಸಮರ್ಥನೆಯೊಂದು ದೊರಕಿತ್ತು: ಹೊರಗೆ ಆಡುವ ತಂಡ ಗೋಲಿನ ಮುಂದೆ ಗೋಡೆ ಕಟ್ಟಿ ಕುಳಿತುಕೊಳ್ಳುತ್ತದೆ, ಅದಕ್ಕೆ ಆಸೆ ತೋರಿಸಿದರೆ ಮುನ್ನುಗ್ಗಿ ಆಡುತ್ತದೆ ಎಂಬುದು.

ಆ ಕಾಲಕ್ಕೆ ಈ ಮಾತಿನಲ್ಲಿ ತಿರುಳಿತ್ತು. ಅಂದಿನ ಪ್ರವಾಸ ಕಷ್ಟದ್ದು, ಎದುರಾಳಿಯ ಆಟವನ್ನು ಮೊದಲೇ ನೋಡಿ ತಿಳಿಯುವ ದಾರಿ ಇರಲಿಲ್ಲ, ಮೈದಾನಗಳ ಅಳತೆ ಮತ್ತು ನೆಲ ಊರಿಂದೂರಿಗೆ ಬೇರೆ, ಸಾವಿರಾರು ಜನರ ಕೂಗಿನ ನಡುವೆ ರೆಫರಿಯ ತೀರ್ಪನ್ನು ಮರುಪರಿಶೀಲಿಸುವ ಕ್ಯಾಮೆರಾ ಇಲ್ಲ. ಯುಇಎಫ್‌ಎ ಪ್ರಕಟಿಸಿದ ಅಂಕಿಗಳ ಪ್ರಕಾರ 1970ರ ದಶಕದ ನಡುಭಾಗದಲ್ಲಿ ಅದರ ಪುರುಷರ ಟೂರ್ನಿಗಳ ಪಂದ್ಯಗಳಲ್ಲಿ ಶೇ 61ರಷ್ಟನ್ನು ತವರಿನ ತಂಡವೇ ಗೆಲ್ಲುತ್ತಿತ್ತು, ಪ್ರವಾಸಿ ತಂಡ ಗೆಲ್ಲುತ್ತಿದ್ದುದು ಶೇ 19ರಷ್ಟನ್ನು ಮಾತ್ರ. ತವರಿನ ತಂಡ ಪಂದ್ಯಕ್ಕೆ ಸರಾಸರಿ 2.02 ಗೋಲು ಹೊಡೆದರೆ ಪ್ರವಾಸಿಗಳು 0.95. ಅಂಥ ಕಾಲದಲ್ಲಿ ಹೊರಗೆ ಹೊಡೆದ ಗೋಲು ಅಪರೂಪದ್ದು, ಅಪರೂಪದ್ದಕ್ಕೆ ಹೆಚ್ಚು ಬೆಲೆ ಎಂಬ ವಾದ ಸಹಜವಾಗಿ ಕಾಣಿಸುತ್ತಿತ್ತು. 2021ರ ವೇಳೆಗೆ ಅದೇ ಅಂಕಿಗಳು ಶೇ 47 ಮತ್ತು ಶೇ 30ಕ್ಕೆ, 1.58 ಮತ್ತು 1.15ಕ್ಕೆ ಬಂದು ನಿಂತಿದ್ದವು. ಅಂತರ ಹೋಗಿಲ್ಲ, ಕುಗ್ಗಿದೆ. ಈ ಅಂಕಿಗಳನ್ನು ಮುಂದಿಟ್ಟೇ ಯುಇಎಫ್‌ಎ 2021ರ ಜೂನ್ 24ರಂದು ನಿಯಮವನ್ನು ಕೈಬಿಟ್ಟಿತು. ಪ್ರವಾಸಿಗಳನ್ನು ಮುಂದಕ್ಕೆ ತಳ್ಳಲು ತಂದ ನಿಯಮ ಈಗ ತವರಿನ ತಂಡವನ್ನು, ವಿಶೇಷವಾಗಿ ಮೊದಲ ಲೆಗ್‌ನಲ್ಲಿ, ಹಿಂದಕ್ಕೆ ಎಳೆಯುತ್ತಿದೆ ಎಂದು ಅದರ ಅಧ್ಯಕ್ಷ ಅಲೆಕ್ಸಾಂಡರ್ ಚೆಫೆರಿನ್ ಆಗ ಹೇಳಿದರು. ಆರ್ಸೆನಲ್‌ನ ಕೋಚ್ ಆಗಿದ್ದ ಆರ್ಸೆನ್ ವೆಂಗರ್ ಈ ಮಾತನ್ನು ಅದಕ್ಕೂ ಹಲವು ವರ್ಷ ಮೊದಲೇ ಹೇಳುತ್ತ ಬಂದಿದ್ದರು.

ಹೇಗೆ ಹಿಂದಕ್ಕೆ ಎಳೆಯುತ್ತಿತ್ತು ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ಕಾಣಬಹುದು. ಮೊದಲ ಲೆಗ್ಅನ್ನು ತವರಿನಲ್ಲಿ 1–0ಯಿಂದ ಗೆದ್ದ ತಂಡವೂ 2–1ರಿಂದ ಗೆದ್ದ ತಂಡವೂ ಒಂದೇ ಗೋಲಿನ ಮುನ್ನಡೆಯಲ್ಲಿವೆ. ಹಳೆಯ ನಿಯಮದಲ್ಲಿ ಮೊದಲನೆಯದು ಎರಡನೇ ಲೆಗ್‌ನಲ್ಲಿ 0–1ರಿಂದ ಸೋತರೂ ಹೆಚ್ಚುವರಿ ಅವಧಿಯ ಆಸರೆ ಇತ್ತು. ಎರಡನೆಯದು ಅದೇ 0–1ರಿಂದ ಸೋತರೆ ಹೊರಗೆ. ಅಂದರೆ ಎರಡನೇ ಗೋಲು ಹೊಡೆಯಲು ಹೋಗಿ ಒಂದನ್ನು ಬಿಟ್ಟುಕೊಟ್ಟ ತಂಡಕ್ಕೆ ಶಿಕ್ಷೆ, ಒಂದು ಹೊಡೆದು ಬಾಗಿಲು ಹಾಕಿಕೊಂಡ ತಂಡಕ್ಕೆ ಬಹುಮಾನ. ಇದನ್ನು ಬಲ್ಲ ಕೋಚ್ ಮೊದಲ ಲೆಗ್‌ನಲ್ಲಿ ಗೋಲಿಲ್ಲದ ಡ್ರಾ ಆದರೂ ಸಾಕೆಂದು ರಕ್ಷಣಾ ಆಟಗಾರರನ್ನು ಮೈದಾನದ ನಡುಗೆರೆ ದಾಟಲು ಬಿಡುತ್ತಿರಲಿಲ್ಲ.

ಇಲ್ಲಿಯವರೆಗಿನದು ಪರಿಣಾಮದ ಮಾತು. ನನ್ನ ಮುಖ್ಯ ಆಕ್ಷೇಪ ನಿಯಮದ ಒಳಗಿನ ತರ್ಕದ ಬಗ್ಗೆ. ಒಟ್ಟು ಗೋಲುಗಳು ಸಮವಾಗಿವೆ ಎಂದರೆ ಪ್ರತಿ ತಂಡದ ತವರಿನ ಗೋಲು ಮತ್ತು ಹೊರಗಿನ ಗೋಲುಗಳ ಮೊತ್ತ ಒಂದೇ. ಹಾಗಿದ್ದ ಮೇಲೆ ಒಂದು ತಂಡದ ಹೊರಗಿನ ಗೋಲುಗಳು ಹೆಚ್ಚಾಗಿದ್ದರೆ ಅದರ ತವರಿನ ಗೋಲುಗಳು ಕಡಿಮೆ ಇರಲೇಬೇಕು. ಬೇರೆ ದಾರಿಯಿಲ್ಲ. ಆದ್ದರಿಂದ ‘ಹೊರಗೆ ಹೆಚ್ಚು ಗೋಲು ಗಳಿಸಿದವರು ಮುಂದಕ್ಕೆ’ ಎಂಬ ನಿಯಮವೂ ‘ತವರಿನಲ್ಲಿ ಕಡಿಮೆ ಗೋಲು ಗಳಿಸಿದವರು ಮುಂದಕ್ಕೆ’ ಎಂಬ ನಿಯಮವೂ ಬೇರೆಬೇರೆಯಲ್ಲ. ಒಂದೇ ನಿಯಮವನ್ನು ಎರಡು ಬಗೆಯಲ್ಲಿ ಓದಿದಂತೆ. ಮೊದಲ ಓದು ಕಿವಿಗೆ ಧೈರ್ಯದ ಹಾಡಿನಂತೆ ಕೇಳಿಸುತ್ತದೆ. ಎರಡನೆಯದನ್ನು ಯಾವ ಟೂರ್ನಿಯ ನಿಯಮಾವಳಿಯಲ್ಲಾದರೂ ಹಾಗೆಯೇ ಅಚ್ಚು ಹಾಕಿದ್ದರೆ ಜನ ಒಪ್ಪುತ್ತಿದ್ದರೇ? ಯುರೋಪಿನ ಅಗ್ರ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2009ರ ಸೆಮಿಫೈನಲ್ ತೆಗೆದುಕೊಳ್ಳಿ. ಬಾರ್ಸಿಲೋನಾ ತವರಿನಲ್ಲಿ ಚೆಲ್ಸಿ ಎದುರು ಒಂದೂ ಗೋಲು ಹೊಡೆಯಲಿಲ್ಲ. ಲಂಡನ್‌ನಲ್ಲಿ ಮೈಕೆಲ್ ಎಸಿಯೆನ್ ಅವರ ಗೋಲಿನಿಂದ ಚೆಲ್ಸಿ ಮುಂದಿದ್ದಾಗ, ನಿಗದಿತ ಸಮಯ ಮೀರಿದ ಮೇಲೆ ಆಂಡ್ರೆಸ್ ಇನಿಯೆಸ್ಟಾ ಪೆನಾಲ್ಟಿ ಪೆಟ್ಟಿಗೆಯ ಅಂಚಿನಿಂದ ಹೊಡೆದ ಚೆಂಡು ಮೂಲೆ ಸೇರಿತು. 1–1, ಬಾರ್ಸಿಲೋನಾ ಫೈನಲ್‌ಗೆ. ಆ ಗೋಲಿನ ಸೊಬಗು ಯಾವ ವಾದದಿಂದಲೂ ಕಡಿಮೆಯಾಗುವುದಿಲ್ಲ. ಆದರೆ ಲೆಕ್ಕವನ್ನು ನೇರವಾಗಿ ಹೇಳುವುದಾದರೆ, ತಲಾ ಒಂದು ಗೋಲು ಹೊಡೆದ ಎರಡು ತಂಡಗಳಲ್ಲಿ ತನ್ನ ಜನರ ಮುಂದೆ ಹೊಡೆದ ತಂಡ ಹೊರಬಿತ್ತು.

ಹೊರಗೆ ಆಡುವುದು ಕಷ್ಟ, ಆದ್ದರಿಂದ ಹೊರಗಿನ ಗೋಲಿಗೆ ಹೆಚ್ಚು ತೂಕ ಎನ್ನುವವರಿಗೆ ಕೊಡಬೇಕಾದ ಉತ್ತರವೂ ಇಲ್ಲಿಯೇ ಇದೆ. ತವರಿನ ಅನುಕೂಲ ಇರುವುದರಿಂದಲೇ ಅಲ್ಲವೇ ಎರಡು ಲೆಗ್ ಆಡಿಸುವುದು? ಎರಡೂ ತಂಡಗಳು ಒಮ್ಮೆ ಆ ಅನುಕೂಲ ಪಡೆದಿವೆ, ಒಮ್ಮೆ ಕಳೆದುಕೊಂಡಿವೆ. ಅಲ್ಲಿಗೆ ಲೆಕ್ಕ ಚುಕ್ತಾ. ಒಮ್ಮೆ ಸರಿದೂಗಿಸಿದ್ದನ್ನು ಮತ್ತೊಮ್ಮೆ ತೂಗಿದಾಗ ಸಿಗುವುದು ನ್ಯಾಯವಲ್ಲ, ತವರಿನಲ್ಲಿ ಚೆನ್ನಾಗಿ ದಾಳಿ ಮಾಡಿದವರ ಮೇಲೆ ಹೊರೆ.

‘ಹೊರಗೆ’ ಎಂಬ ಮಾತಿಗೇ ಅರ್ಥವಿಲ್ಲದ ಸಂದರ್ಭಗಳೂ ಬಂದವು. 2003ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಎಸಿ ಮಿಲಾನ್ ಮತ್ತು ಇಂಟರ್ ಎದುರಾದವು. ಎರಡರ ತವರೂ ಒಂದೇ, ಮಿಲಾನ್ ನಗರದ ಸ್ಯಾನ್ ಸಿರೊ. ಎರಡು ಪಂದ್ಯಗಳೂ ಅದೇ ಹುಲ್ಲಿನ ಮೇಲೆ ನಡೆದವು: ಒಂದು 0–0, ಇನ್ನೊಂದು 1–1. ಎರಡನೆಯದರಲ್ಲಿ ಕಾಗದದ ಮೇಲೆ ಆತಿಥೇಯ ಇಂಟರ್ ಆಗಿದ್ದುದರಿಂದ ಆಂಡ್ರಿ ಶೆವ್ಚೆಂಕೊ ಅವರ ಗೋಲು ‘ಹೊರಗಿನ’ ಗೋಲಾಯಿತು, ಇಂಟರ್ ಮನೆಗೆ ಹೋಯಿತು, ಮಿಲಾನ್ ಕೊನೆಗೆ ಯುರೋಪಿನ ಚಾಂಪಿಯನ್ ಆಯಿತು. 2021ರ ವಸಂತದಲ್ಲಿ ಕೋವಿಡ್ ನಿರ್ಬಂಧದಿಂದ ಚೆಲ್ಸಿ ಮತ್ತು ಪೋರ್ಟೊ ತಂಡಗಳ ಎರಡೂ ಲೆಗ್‌ಗಳು ಸ್ಪೇನಿನ ಸೆವಿಲ್ಲಾದ ಒಂದೇ ಖಾಲಿ ಕ್ರೀಡಾಂಗಣದಲ್ಲಿ ನಡೆದಾಗಲೂ ನಿಯಮ ಹಾಗೆಯೇ ಇತ್ತು. ಯಾರ ಊರೂ ಅಲ್ಲದ ಊರಿನಲ್ಲಿ ಒಂದು ದಿನ ಒಬ್ಬರು ಅತಿಥಿ, ಇನ್ನೊಂದು ದಿನ ಇನ್ನೊಬ್ಬರು.

ನಿಯಮ ಹೋದ ಮೇಲೆ ಏನಾಯಿತು? ಅಟ್ಲೆಟಿಕೊ ಮ್ಯಾಡ್ರಿಡ್ ಎಂಬ ಒಂದೇ ತಂಡದ ಎರಡು ವರ್ಷಗಳ ಅನುಭವದಲ್ಲಿ ಇದಕ್ಕೆ ಉತ್ತರವಿದೆ. 2024ರ ಚಾಂಪಿಯನ್ಸ್ ಲೀಗ್‌ನಲ್ಲಿ ಅದು ಇಂಟರ್ ಎದುರು ಫೆಬ್ರುವರಿಯಲ್ಲಿ ಮಿಲಾನ್‌ನಲ್ಲಿ 0–1ರಿಂದ ಸೋತು, ಮಾರ್ಚ್‌ನಲ್ಲಿ ತವರಿನಲ್ಲಿ 2–1ರಿಂದ ಗೆದ್ದಿತು. ಹಳೆಯ ನಿಯಮದಲ್ಲಿ ಇಂಟರ್ ಮುಂದಕ್ಕೆ ಹೋಗಬೇಕಿತ್ತು. ಹೊಸದರಲ್ಲಿ ಶೂಟೌಟ್ ನಡೆದು ಅಟ್ಲೆಟಿಕೊ ಉಳಿಯಿತು. ಸರಿಯಾಗಿ ಒಂದು ವರ್ಷಕ್ಕೆ ನಗರದ ಇನ್ನೊಂದು ತಂಡವಾದ ರಿಯಲ್ ಮ್ಯಾಡ್ರಿಡ್ ಎದುರು ಚಿತ್ರ ತಿರುಗಿತು. ರಿಯಲ್‌ನ ಅಂಗಳದಲ್ಲಿ 1–2, ತನ್ನ ಅಂಗಳದಲ್ಲಿ ಕಾನರ್ ಗ್ಯಾಲಗರ್ ಮೊದಲ ನಿಮಿಷದಲ್ಲೇ ಹೊಡೆದ ಗೋಲಿನಿಂದ 1–0. ಈ ಬಾರಿ ಹೊರಗಿನ ಗೋಲು ಅಟ್ಲೆಟಿಕೊ ಕೈಯಲ್ಲಿತ್ತು, ನಿಯಮ ಇರಲಿಲ್ಲ. ಶೂಟೌಟ್‌ನಲ್ಲಿ ಹುಲಿಯಾನ್ ಆಲ್ವಾರೆಜ್ ಜಾರುತ್ತ ಒದ್ದ ಚೆಂಡು ಬಲೆ ಸೇರಿತಾದರೂ, ಅವರ ನಿಂತ ಕಾಲಿಗೂ ಅದು ಸೋಕಿದೆ ಎಂದು ವಿಡಿಯೊ ತೀರ್ಪುಗಾರರು ಗೋಲನ್ನು ರದ್ದುಮಾಡಿದರು, ಅಟ್ಲೆಟಿಕೊ ಹೊರಬಿತ್ತು. ಆ ಸೋಲು ಎಷ್ಟು ನೋವಿನದಾಗಿತ್ತೆಂದರೆ, ಕೆಲವೇ ತಿಂಗಳಲ್ಲಿ ನಿಯಮ ರೂಪಿಸುವ ಮಂಡಳಿಯು ಆಕಸ್ಮಿಕವಾಗಿ ಎರಡು ಬಾರಿ ಸೋಕಿ ಗೋಲಾದ ಪೆನಾಲ್ಟಿಯನ್ನು ಮತ್ತೆ ಹೊಡೆಸಬೇಕೆಂದು ಸ್ಪಷ್ಟಪಡಿಸಿತು. ಹಾಗೆಂದು ಅವೇ ಗೋಲಿನ ನಿಯಮ ಮರಳಿ ಬರಲಿ ಎನ್ನಲು ಈ ಪ್ರಸಂಗ ಆಧಾರವಾಗುವುದಿಲ್ಲ. ಎರಡೂ ತಂಡಗಳ ಅಂಗಳಗಳು ಒಂದೇ ನಗರದೊಳಗಿವೆ. ರಿಯಲ್ ಆಟಗಾರರು ಆ ರಾತ್ರಿ ಯಾವ ದೂರದ ಪ್ರಯಾಣವನ್ನೂ ಮಾಡಿರಲಿಲ್ಲ.

ರಿಯಲ್ ಮ್ಯಾಡ್ರಿಡ್‌ನ ಲೆಕ್ಕವೂ ಇಷ್ಟೇ ಸ್ವಾರಸ್ಯಕರ. 2022ರಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಹೊರಗೆ 3–4, ತವರಿನ ತೊಂಬತ್ತು ನಿಮಿಷಗಳಲ್ಲಿ 2–1. ಹಳೆಯ ನಿಯಮದಲ್ಲಿ ಅಲ್ಲಿಗೇ ಗೆಲ್ಲುತ್ತಿತ್ತು, ಹೊಸದರಲ್ಲಿ ಹೆಚ್ಚುವರಿ ಅವಧಿ ಆಡಿ ಗೆಲ್ಲಬೇಕಾಯಿತು. 2024ರಲ್ಲಿ ಅದೇ ಸಿಟಿ ಎದುರು ತವರಿನಲ್ಲಿ 3–3, ಹೊರಗೆ 1–1. ಹಳೆಯ ನಿಯಮದಲ್ಲಿ ಸೋಲುತ್ತಿತ್ತು, ಹೊಸದರಲ್ಲಿ ಪೆನಾಲ್ಟಿಯಲ್ಲಿ ಗೆದ್ದು ಮುಂದೆ ಕಪ್ಪನ್ನೂ ಎತ್ತಿತು. ನಿಯಮ ಬೇರೆಯಾಗಿದ್ದರೆ ತಂಡಗಳು ಆಡುವ ಬಗೆಯೂ ಬೇರೆಯಾಗುತ್ತಿತ್ತು ಎಂಬುದು ನಿಜ, ಆದ್ದರಿಂದ ಇವನ್ನು ಖಚಿತ ಭವಿಷ್ಯವೆಂದು ಓದಬಾರದು. ಆದರೆ ಬದಲಾವಣೆಯ ಲಾಭ ನಷ್ಟ ಎರಡೂ ಒಂದೇ ತಂಡಗಳ ಪಾಲಿಗೆ ಬಂದದ್ದನ್ನು ನೋಡಿದರೆ, ಇದು ದೊಡ್ಡವರಿಗೆ ಅನುಕೂಲ ಮಾಡಲು ತಂದ ತಿದ್ದುಪಡಿ ಎಂಬ ಆರೋಪ ನಿಲ್ಲುವುದಿಲ್ಲ.

ಕಳೆದುಕೊಂಡದ್ದು ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. 2018ರಲ್ಲಿ ಬಾರ್ಸಿಲೋನಾದಲ್ಲಿ 1–4ರಿಂದ ಸೋತುಬಂದ ರೋಮಾ ತಂಡ ತವರಿನಲ್ಲಿ 3–0ಯಿಂದ ಗೆದ್ದಾಗ, 82ನೇ ನಿಮಿಷದಲ್ಲಿ ಕೋಸ್ಟಾಸ್ ಮನೋಲಾಸ್ ತಲೆಯಿಂದ ಹೊಡೆದ ಮೂರನೇ ಗೋಲೇ ಎಲ್ಲವನ್ನೂ ತೀರ್ಮಾನಿಸಿತು. 2019ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡು ಗೋಲು ಹಿಂದಿದ್ದ ಟಾಟನ್‌ಹ್ಯಾಮ್ ಪರ ಲೂಕಸ್ ಮೌರಾ ದ್ವಿತೀಯಾರ್ಧದಲ್ಲಿ ಮೂರು ಗೋಲು ಹೊಡೆದಾಗ, ಕೊನೆಯ ಕ್ಷಣದ ಮೂರನೆಯದು ಅಯಾಕ್ಸ್ ಆಟಗಾರರನ್ನು ನಿಂತಲ್ಲೇ ಕುಸಿಯುವಂತೆ ಮಾಡಿತು. ಒಂದು ಗೋಲಿನಿಂದ ಸೋಲು ನೇರವಾಗಿ ಗೆಲುವಾಗುವ ಆ ಘಳಿಗೆ ಈಗಿನ ನಿಯಮದಲ್ಲಿ ಕಡಿಮೆ. ಅಂಥ ಗೋಲು ಈಗ ಹೆಚ್ಚುವರಿ ಅವಧಿಯನ್ನಷ್ಟೇ ತಂದುಕೊಡುತ್ತದೆ. ನೋಡುವವನ ಎದೆಬಡಿತಕ್ಕಾಗಿ ಗೋಲಿನ ಬೆಲೆಯನ್ನು ಏರಿಳಿಸಬಹುದೇ ಎಂದರೆ ಮಾತ್ರ, ಬೇಡ ಎಂದೇ ನನ್ನ ಉತ್ತರ.

ದಕ್ಷಿಣ ಅಮೆರಿಕದ ಕೋಪಾ ಲಿಬರ್ಟಡೋರೆಸ್ 2022ರಿಂದ ನಿಯಮವನ್ನು ಬಿಟ್ಟಿದೆ, ಏಷ್ಯಾದ ಕ್ಲಬ್ ಟೂರ್ನಿಗಳು 2023–24ರಿಂದ. ಆಫ್ರಿಕಾ ಉಳಿಸಿಕೊಂಡಿದೆ. ಉಳಿಸಿಕೊಳ್ಳಲು ಅಲ್ಲಿ ಹೆಚ್ಚಿನ ಕಾರಣವಿದೆ: ಖಂಡದ ಒಂದು ತುದಿಯಿಂದ ಇನ್ನೊಂದಕ್ಕೆ ಪ್ರಯಾಣ, ಹವೆ ಮತ್ತು ನೆಲದ ವ್ಯತ್ಯಾಸ, ತವರಿನ ಜನಸಾಗರದ ಒತ್ತಡ. ಆದರೂ 2025ರ ಏಪ್ರಿಲ್‌ನಲ್ಲಿ ಆಫ್ರಿಕಾ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ಮುಗಿದ ಬಗೆ ನೋಡಿ. ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಮಾಮೆಲೋಡಿ ಸನ್‌ಡೌನ್ಸ್ ಮತ್ತು ಈಜಿಪ್ಟಿನ ಅಲ್ ಅಹ್ಲಿ 0–0. ಕೈರೊದಲ್ಲಿ ಅಲ್ ಅಹ್ಲಿ 1–0 ಮುನ್ನಡೆಯಲ್ಲಿದ್ದಾಗ ಪಂದ್ಯದ ಕೊನೆಯಲ್ಲಿ ಅದರದೇ ರಕ್ಷಣಾ ಆಟಗಾರನಿಂದ ಚೆಂಡು ತನ್ನ ಬಲೆಗೇ ಹೋಯಿತು. ಪ್ರವಾಸಿಗಳು ದಿಟ್ಟತನದಿಂದ ದಾಳಿ ಮಾಡಲೆಂದು ಇಟ್ಟ ಬಹುಮಾನ, ಪ್ರವಾಸಿಗಳ ಕಾಲಿನಿಂದ ಬಾರದ ಗೋಲಿಗೆ ಸಂದಿತು. ಸನ್‌ಡೌನ್ಸ್ ಫೈನಲ್ ತಲುಪಿತು.

ಇನ್ನುಳಿದದ್ದು ಹೆಚ್ಚುವರಿ ಅವಧಿ. ಹಳೆಯ ನಿಯಮದ ಅತಿ ದೊಡ್ಡ ಅನ್ಯಾಯ ಅಲ್ಲಿಯೇ ಇತ್ತು. 2021ರ ಫೆಬ್ರುವರಿಯಲ್ಲಿ ಪೋರ್ಟೊ, ಮಾರ್ಚ್‌ನಲ್ಲಿ ತೊಂಬತ್ತು ನಿಮಿಷಗಳ ಹೊತ್ತಿಗೆ ಯುವೆಂಟಸ್, ತಮ್ಮ ತಮ್ಮ ತವರಿನಲ್ಲಿ 2–1ರ ಮೇಲುಗೈ ಪಡೆದಿದ್ದವು. ಯುವೆಂಟಸ್‌ನ ಊರಾದ ಟ್ಯೂರಿನ್‌ನಲ್ಲಿ ಆಡಿದ ಹೆಚ್ಚುವರಿ ಅವಧಿಯಲ್ಲಿ, ಹತ್ತೇ ಆಟಗಾರರು ಉಳಿದಿದ್ದ ಪೋರ್ಟೊ ಪರ ಸರ್ಜಿಯೊ ಒಲಿವೇರಾ 115ನೇ ನಿಮಿಷದಲ್ಲಿ ನೆಲಕ್ಕೆ ತಾಗಿಸಿ ಹೊಡೆದ ಫ್ರೀಕಿಕ್ ರಕ್ಷಣಾ ಗೋಡೆಯ ಕಾಲುಗಳ ನಡುವಿನಿಂದ ನುಗ್ಗಿ ಗೋಲಾಯಿತು. ಎರಡು ನಿಮಿಷದಲ್ಲಿ ಯುವೆಂಟಸ್ ಸಮಮಾಡಿತಾದರೂ ಪ್ರಯೋಜನವಾಗಲಿಲ್ಲ, 4–4ರಲ್ಲಿ ಪೋರ್ಟೊ ಮುಂದಕ್ಕೆ ಹೋಯಿತು. ಹೊರಗಿನ ಗೋಲು ಹೊಡೆಯಲು ಯುವೆಂಟಸ್‌ಗೆ ಸಿಕ್ಕಿದ್ದು 90 ನಿಮಿಷ, ಪೋರ್ಟೊಗೆ 120. ಈಗ ಆ ಓರೆ ಇನ್ನೊಂದು ಕಡೆಗೆ ವಾಲಿದೆ: ಎರಡನೇ ಲೆಗ್ ತವರಿನಲ್ಲಿ ಆಡುವ ತಂಡಕ್ಕೆ ಮೂವತ್ತು ನಿಮಿಷ ಹೆಚ್ಚು ಹೊತ್ತು ತನ್ನ ಜನರ ಬೆಂಬಲ ಸಿಗುತ್ತದೆ, ಎದುರಾಳಿಗೆ ಅದಕ್ಕೆ ಪ್ರತಿಯಾಗಿ ಏನೂ ಇಲ್ಲ. 2024–25ರಿಂದ ಚಾಂಪಿಯನ್ಸ್ ಲೀಗ್‌ನ ಲೀಗ್ ಹಂತದಲ್ಲಿ ಮೊದಲ ಎಂಟರೊಳಗೆ ಬಂದ ತಂಡಗಳಿಗೆ ಕೊನೆಯ 16 ತಂಡಗಳ ಸುತ್ತಿನಲ್ಲಿ ಎರಡನೇ ಲೆಗ್ ತವರಿನಲ್ಲೇ ಸಿಗುತ್ತದೆ. ಅಲ್ಲಿ ಆ ಅನುಕೂಲ ಚೀಟಿ ಎತ್ತಿ ಬಂದದ್ದಲ್ಲ, ಆಡಿ ಗಳಿಸಿದ್ದು, ಅದನ್ನು ಒಪ್ಪಬಹುದು. ಎರಡನೇ ಲೆಗ್‌ನ ಊರು ಬರಿಯ ಚೀಟಿಯಿಂದ ನಿರ್ಧಾರವಾಗುವ ಟೂರ್ನಿಗಳಲ್ಲಿ ಮಾತ್ರ, ಲಿಬರ್ಟಡೋರೆಸ್ ಫೈನಲ್‌ಗಿಂತ ಮುಂಚಿನ ಸುತ್ತುಗಳಲ್ಲಿ ಮಾಡುವಂತೆ, ತೊಂಬತ್ತನೇ ನಿಮಿಷದ ಸೀಟಿಯಾದ ಕೂಡಲೇ ಚೆಂಡನ್ನು ಪೆನಾಲ್ಟಿ ಚುಕ್ಕೆಯ ಮೇಲೆ ಇಡಬೇಕು. ಕಂಠೀರವದಲ್ಲಿ ಆ ರಾತ್ರಿ ಗೋಲಿಲ್ಲದೆ ಕಳೆದ ಮೂವತ್ತು ನಿಮಿಷಗಳೂ ಬೆಂಗಳೂರಿನ ಮಣ್ಣಿನ ಮೇಲೆಯೇ ನಡೆದವು, ಮುಂಬೈಗೆ ಅಷ್ಟು ಹೊತ್ತು ತನ್ನ ಅಂಗಳ ಸಿಗಲಿಲ್ಲ.